ಯಂಕಪ್ಪಣ್ಣನ ನೆಟ್ಟಗಿನ ವೈರು

ಮೊದಲೇ ಹೇಳಿಬಿಡ್ತೀನಿ, ನನಗೆ ಕೋಪ ಜಾಸ್ತಿ. ಪೀಣ್ಯ ಎರಡನೇ ಹಂತದಲ್ಲಿ ನಮ್ಮ ತಗಡಿನ ಶೆಡ್ಡು, ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ ನೋಡ್ಕೊಳ್ತಿದ್ದೀನಿ. ಒಂದು ನಟ್ಟು ಬೇಕಂದ್ರೂ ನನ್ನ ಕಿಟಕಿಗೇ ಬರಬೇಕು, ನಾಲ್ಕು ಮಾತು ಕೇಳಿಸ್ಕೊಂಡೇ ಹೋಗಬೇಕು. ಹೇಮಲತಾ ಅಂತ ಹೆಸರಿಟ್ಟವರು ನಮ್ಮಪ್ಪ. ಶೆಡ್ಡಲ್ಲಿ ಬೆನ್ನ ಹಿಂದೆ ಬೇರೆ ಏನೋ ಕರೀತಾರೆ, ಅದು ನಿಮಗೆ ಬೇಡ ಬಿಡಿ.

ನನ್ನ ಬಾಯಿಗೆ ಹೆದರದೇ ಇದ್ದವರು ಒಬ್ಬರೇ, ನಮ್ಮ ಎಲೆಕ್ಟ್ರಿಷಿಯನ್ ಯಂಕಪ್ಪಣ್ಣ. ಬಾಗಲಕೋಟೆ ಕಡೆಯವರು. ಇಲ್ಲಿಗೆ ಬಂದು ಮೂವತ್ತೊಂದು ವರ್ಷ ಆದ್ರೂ ಮಾತು ಮಾತ್ರ ಊರಿಂದೇ. "ಹೇಮವ್ವಾ, ನಿನ್ನ ಬಾಯಿಗೊಂದು ಸ್ವಿಚ್ ಕುಂದರಿಸಬೇಕು ನೋಡು" ಅಂತಾರೆ. "ಕುಂದರಿಸಿ, ಫ್ಯೂಸ್ ಹೋದ್ರೆ ನೀವೇ ಹೊಣೆ" ಅಂತೀನಿ ನಾನು. ಇಪ್ಪತ್ತೆರಡು ವರ್ಷ ಇದೇ ಮಾತು, ಇಬ್ಬರಿಗೂ ಬೇಜಾರಾಗಿಲ್ಲ.

ಅವರು ಎಳೆದ ವೈರು ನೋಡಬೇಕು ಕಣ್ರೀ ನೀವು. ಗೋಡೆ ಮೇಲೆ ಸ್ಕೇಲ್ ಇಟ್ಟು ಗೆರೆ ಹಾಕಿದಂಗೆ. ಒಂದರ ಕೆಳಗೆ ಒಂದು, ನಡುವೆ ಅದೇ ಅಳತೆ, ಗೇಣಿಗೊಂದು ಕ್ಲಿಪ್ಪು. "ಇದರಲ್ಲಿ ತಲೆ ಬಾಚ್ಕೋಬಹುದು ಯಂಕಪ್ಪಣ್ಣ" ಅಂತ ರೇಗಿಸಿದ್ರೆ, ಬೋಳುತಲೆ ಸವರಿಕೊಂಡು "ನನಗ ಅದರ ಕೆಲಸ ಇಲ್ಲವ್ವಾ, ನೀ ಬಾಚ್ಕೋ" ಅಂತಿದ್ರು. ಸೊಟ್ಟಗಿರೋ ವೈರು ಕಂಡ್ರೆ ಅವರಿಗೆ ಊಟ ಸೇರ್ತಿರಲಿಲ್ಲ. ಬೇರೆಯವರ ಮನೆಗೆ ಹೋದಾಗಲೂ ಟಿವಿ ಹಿಂದಿನ ವೈರು ಸರಿಮಾಡಿ ಬರೋ ಮನುಷ್ಯ.

ಈ ಸಲ ಆಯುಧಪೂಜೆ ಬುಧವಾರ ಬಂತು. ಅದರ ಮುಂದಿನ ಸೋಮವಾರವೇ ಯಂಕಪ್ಪಣ್ಣನ ಕೊನೆಯ ದಿನ, ರಿಟೈರ್ಮೆಂಟು. ಶಾಲು ಹಾರ ಏನೂ ಅವರ ತಲೇಲಿರಲಿಲ್ಲ. ಇದ್ದ ಆಸೆ ಒಂದೇ. "ಮೂವತ್ತೊಂದು ವರ್ಷದಾಗ ನಾ ಎಳದ ವೈರಿನ ಮ್ಯಾಲೆ ಒಂದು ಕಂಪ್ಲೇಂಟ್ ಬಂದಿಲ್ಲ. ಹಂಗ ಹೊಂಟು ಹೋಗಬೇಕು ನೋಡವ್ವಾ, ಒಂದೂ ಇಲ್ಲದಂಗ" ಅಂತ ಆ ತಿಂಗಳಲ್ಲಿ ನನಗೆ ಹತ್ತು ಸಲ ಹೇಳಿರಬಹುದು. ನಾನು ಹತ್ತು ಸಲವೂ "ಗೊತ್ತು ಬಿಡ್ರೀ, ಊರಿಗೆಲ್ಲಾ ಗೊತ್ತು" ಅಂದಿದ್ದೆ.

ಅವರ ಕೊನೆಯ ಕೆಲಸ ಒಂದು ನಂಬರ್ ತೋರಿಸೋ ಬೋರ್ಡಿಗೆ ವೈರು ಎಳೆಯೋದು. ನಮ್ಮ ಶೆಡ್ಡಿನ ಆ ತುದಿಯಲ್ಲಿ ಫ್ಯಾನಿನ ಕ್ಲಾಂಪು ಒತ್ತೋ ಪ್ರೆಸ್ಸು, ಈ ತುದಿಯಲ್ಲಿ ನನ್ನ ಸ್ಟೋರ್ ಪಕ್ಕ ಪ್ಯಾಕಿಂಗ್ ಟೇಬಲ್ಲು. ನಡುವೆ ನಲವತ್ತು ಮೀಟರ್ ಗದ್ದಲ. ಎಷ್ಟು ಪೀಸ್ ಆಯ್ತು ಅಂತ ತಿಳಿಯೋಕೆ ಪ್ಯಾಕಿಂಗ್ ಬಸಕ್ಕ ದಿನಕ್ಕೆ ಇಪ್ಪತ್ತು ಸಲ ಆ ತುದಿಗೆ ಹೋಗಿ ಬರೋಳು. "ಅಲ್ಲಿ ಎಣಿಸಿದ್ದು ಇಲ್ಲಿ ಕಾಣೋ ಹಂಗೆ ಏನಾದ್ರೂ ಮಾಡಮ್ಮ" ಅಂತ ಮಾಲೀಕರು ಚನ್ನವೀರಪ್ಪನವರು ಸ್ಪೂರ್ತಿಗೆ ಹೇಳಿದ್ರು.

ಸ್ಪೂರ್ತಿ ದಾವಣಗೆರೆ ಹುಡುಗಿ, ಎಂಜಿನಿಯರು, ಸೇರಿ ಐದು ತಿಂಗಳು. ಆರು ತುಂಬಿದ ಮೇಲೆ ಪರ್ಮನೆಂಟ್ ಮಾಡೋ ಮಾತಾಗಿತ್ತು. ಒಂದು ಸಣ್ಣ ಡಬ್ಬಿ ತೋರಿಸಿ "ಹೇಮಕ್ಕ, ಇದರೊಳಗಿದೆ ಮೈಕ್ರೋಕಂಟ್ರೋಲರು. ಪ್ರೆಸ್ ಹತ್ರ ಕೂತು ಎಣಿಸೋದು ಇದು. ತೋರಿಸೋದು ಬೋರ್ಡು" ಅಂದಳು. ಮೇಜಿನ ಮೇಲೆ ಮೊಳದುದ್ದ ವೈರಲ್ಲಿ ಎರಡನ್ನೂ ಸೇರಿಸಿದಾಗ ಒಂದೇ ಏಟಿಗೆ ನಂಬರ್ ಬಂತು. ನಲವತ್ತು ಮೀಟರ್ ಮಾಡಿದ ತಕ್ಷಣ ಬೋರ್ಡು ಮೂಕ. ಹುಡುಗಿ ಒಂದು ವಾರ ತಲೆ ಕೆಡಿಸ್ಕೊಂಡು ಡಬ್ಬಿಗೊಂದು, ಬೋರ್ಡಿಗೊಂದು ನಂಬರನ್ನ ಅಷ್ಟು ದೂರ ದಾಟಿಸೋ ಸಣ್ಣ ಚಿಪ್ ಸೇರಿಸಿದಳು. ಆಮೇಲೆ ಕೆಂಪು ಕಪ್ಪು ಎರಡು ವೈರಿನ ದೊಡ್ಡ ಸುರುಳಿ ನನ್ನ ಕಿಟಕಿಯಲ್ಲಿಟ್ಟಳು. "ಯಂಕಪ್ಪ ಅಂಕಲ್‌ಗೆ ಕೊಡಿ ಅಕ್ಕ. ನೀಟಾಗಿ ಎಳೀಬೇಕಂತೆ ಅಂತ ಹೇಳಿ" ಅಂದು, ಎರಡು ದಿನದ ಕೆಲಸಕ್ಕೆ ನಮ್ಮ ಅತ್ತಿಬೆಲೆ ಯೂನಿಟ್ಟಿಗೆ ಹೊರಟುಹೋದಳು.

ನೀಟಾಗಿ ಅಂತ ಯಂಕಪ್ಪಣ್ಣನಿಗೆ ಹೇಳೋದಾ! ನನಗೆ ನಗು ಬಂತು.

ಮಧ್ಯಾಹ್ನ ಊಟದ ಹೊತ್ತಿಗೆ ಅವರು ಬಂದ್ರು. ಸುರುಳಿ ಬಿಚ್ಚಿ ನೋಡ್ತೀವಿ, ಕೆಂಪು ಕಪ್ಪು ಎರಡೂ ಒಂದಕ್ಕೊಂದು ಸುತ್ತಿಕೊಂಡು ಕೂತಿವೆ. ಈ ತುದಿಯಿಂದ ಆ ತುದಿವರೆಗೂ ಹಂಗೇ.

"ಅಯ್ಯ ಪಾಪ, ಯಾವ ಬೆಕ್ಕು ಆಡೇತವ್ವಾ ಇದರ ಕೂಡ?" ಅಂದ್ರು ಯಂಕಪ್ಪಣ್ಣ.

"ಎಂಜಿನಿಯರಿಂಗಲ್ಲಿ ವೈರು ಸುತ್ತಿಡೋದು ಮಾತ್ರ ಹೇಳ್ಕೊಡಲ್ಲ ಅಂತ ಕಾಣ್ಸುತ್ತೆ" ಅಂದೆ ನಾನು.

"ಹುಡುಗಿಗೆ ಹೇಳಬ್ಯಾಡ. ನಾಚಿಕೊಂತೈತಿ ಪಾಪ. ನಾವ ಬಿಡಸೂಣು."

ಎರಡು ದಿನ ಊಟದ ಹೊತ್ತೆಲ್ಲಾ ಅದಕ್ಕೇ ಹೋಯ್ತು. ಶೆಡ್ಡಿನ ಹಿಂದಿನ ಅಂಗಳದಲ್ಲಿ ಒಂದು ತುದಿ ನಾನು ಹಿಡ್ಕೊಂಡು ನಿಂತೆ. ಇನ್ನೊಂದು ತುದಿಯಿಂದ ಅವರು ಒಂದೊಂದೇ ಸುತ್ತು ಬಿಡಿಸ್ತಾ ಬಂದ್ರು. ನನ್ನ ರಟ್ಟೆ ಬಿದ್ದುಹೋಯ್ತು, ಡಬ್ಬಿಯಲ್ಲಿದ್ದ ಚಿತ್ರಾನ್ನ ಆರಿಹೋಯ್ತು. "ನಿಮ್ಮ ಈ ಶೋಕಿಗೆ ನಾನು ಉಪವಾಸ ಸಾಯ್ಬೇಕಾ?" ಅಂತ ಕೂಗಾಡಿದೆ. "ಸಾಯಂಗಿಲ್ಲ ಬಿಡವ್ವಾ, ನಿನ್ನ ಬೈಗುಳದಾಗ ಬೇಕಾದಷ್ಟು ಉಪ್ಪು ಖಾರ ಐತಿ" ಅಂದ್ರು. ಬಿಡಿಸಿದ ಮೇಲೆ ಬಿಸಿಲಲ್ಲಿ ಹಾಕಿ, ಎಳೆದು, ಬಟ್ಟೆಯಲ್ಲಿ ಒರೆಸಿ ನೆಟ್ಟಗೆ ಮಾಡಿದ್ರು. ಸೂರಿನ ಹತ್ರ ಗೋಡೆಗುಂಟ ಎಳೆದ್ರು ನೋಡಿ, ಮೇಲೆ ಕೆಂಪು, ನಾಲ್ಕು ಬೆರಳು ಬಿಟ್ಟು ಕೆಳಗೆ ಕಪ್ಪು, ಅದರ ಕೆಳಗೆ ಅವರೇ ಹಿಂದೆ ಎಳೆದಿದ್ದ ಮೋಟರಿನ ದಪ್ಪ ಕೇಬಲ್ಲು. ಮೂರೂ ರೈಲು ಹಳಿ ಇದ್ದಂಗೆ. ನಾನೇ ಐದು ನಿಮಿಷ ತಲೆ ಎತ್ತಿ ನೋಡಿದೆ, ಆದ್ರೆ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ಆಯುಧಪೂಜೆ ದಿನ ಬೆಳಿಗ್ಗೆಯಿಂದ ಎಲ್ಲಾ ಮಷಿನ್ನೂ ಬಂದ್. ತೊಳೆದು, ಒರೆಸಿ, ವಿಭೂತಿ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿದ್ವಿ. ಪ್ರೆಸ್ಸು ಚೆಂಡುಹೂವಿನ ಹಾರ ಹಾಕ್ಕೊಂಡು ಮದುಮಗನ ಥರ ನಿಂತಿತ್ತು. ಅತ್ತಿಬೆಲೆಯಿಂದ ಸ್ಪೂರ್ತಿಯೂ ರೇಷ್ಮೆ ಸೀರೆ ಉಟ್ಕೊಂಡು ಬಂದಳು. ಮಂಗಳಾರತಿ ಆದ ಮೇಲೆ ಚನ್ನವೀರಪ್ಪನವರು "ಒಳ್ಳೇ ಗಳಿಗೆ ಇದೆ, ಬೋರ್ಡೂ ಶುರುಮಾಡಿಬಿಡಿ" ಅಂದ್ರು. ಪೂಜೆ ಆದ ಮಷಿನ್ನನ್ನ ಆ ದಿನ ಓಡಿಸಬಾರದು. ಅದಕ್ಕೆ ಸ್ಪೂರ್ತಿ ಆ ತುದಿಯಲ್ಲಿ ನಿಂತು ಎಣಿಸೋ ಡಬ್ಬಿ ಮುಂದೆ ಕೈ ಆಡಿಸಿದಳು. ಈ ತುದಿಯಲ್ಲಿ ಬೋರ್ಡಿನ ಮೇಲೆ ಕೆಂಪಗೆ ಒಂದು, ಎರಡು, ಮೂರು. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಯಂಕಪ್ಪಣ್ಣ ಏಣಿ ಹತ್ತಿ ಬೋರ್ಡಿಗೊಂದು ಕುಂಕುಮದ ಬೊಟ್ಟಿಟ್ಟು ಇಳಿದ್ರು. "ಕೊನೀ ಕೆಲಸ ಚಲೋ ಆತವ್ವಾ" ಅಂದಾಗ ಕಣ್ಣಲ್ಲಿ ನೀರಿತ್ತು. ನಾನು ಕರ್ಪೂರದ ಹೊಗೆ ಅಂದ್ಕೊಂಡಂಗೆ ಮಾಡಿದೆ.

ಪೀಣ್ಯ ವರ್ಷದಲ್ಲಿ ಒಂದೇ ದಿನ ಅಷ್ಟು ನಿಶ್ಶಬ್ದವಾಗಿರೋದು. ನಾವು ಬುದ್ಧಿವಂತರು ಆ ದಿನವೇ ಪರೀಕ್ಷೆ ಮಾಡಿದ್ವಿ.

ವಿಜಯದಶಮಿ ರಜಾ ಮುಗಿಸಿ ಶುಕ್ರವಾರ ಬಂದ್ವಿ. ಎಂಟೂವರೆಗೆ ಪ್ರೆಸ್ಸು, ವೆಲ್ಡಿಂಗು, ಕಂಪ್ರೆಸ್ಸರು ಎಲ್ಲಾ ಒಟ್ಟಿಗೆ ಶುರು. ಬೋರ್ಡು ನೋಡಿದ್ರೆ ಏಳು, ಆಮೇಲೆ ಏಳು ಸಾವಿರ, ಆಮೇಲೆ ಬರೀ ಗೆರೆ, ಆಮೇಲೆ ಎಂಟು ಸಾವಿರದ ಎಂಟುನೂರ ಎಂಬತ್ತೆಂಟು.

"ಅಯ್ಯ ಶಿವನ! ಬರೂದ್ರಾಗ ಎಂಟು ಸಾವಿರ ಪೀಸ್ ಆಗ್ಯಾವ. ನಡೀರಿ ಎಲ್ಲಾರೂ ಮನಿಗೆ" ಅಂದಳು ಬಸಕ್ಕ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಯಂಕಪ್ಪಣ್ಣ ಒಬ್ಬರು ನಗಲಿಲ್ಲ. ಬೋರ್ಡಿನ ಕೆಳಗೆ ಟೆಸ್ಟರ್ ಹಿಡ್ಕೊಂಡು ಸುಮ್ಮನೆ ನಿಂತುಬಿಟ್ಟಿದ್ರು.

ಚನ್ನವೀರಪ್ಪನವರು ಬಂದ್ರು. "ಏನಿದು? ವೈರಿಂದೋ, ಬೋರ್ಡಿಂದೋ?" ಅಂತ ಕೇಳಿದ್ರು.

ಸ್ಪೂರ್ತಿ ಏಣಿ ಹತ್ತಿ ಸೂರಿನ ಹತ್ರ ನೋಡಿದಳು. ತುಂಬಾ ಹೊತ್ತು ನೋಡಿದಳು. ಕೆಳಗಿಳಿದು ಯಂಕಪ್ಪಣ್ಣನ ಮುಖ ಒಂದ್ಸಲ ನೋಡಿ ತಲೆ ತಗ್ಗಿಸಿದಳು. ನನಗೆ ತಡೆಯೋಕಾಗಲಿಲ್ಲ. "ಏನಮ್ಮಾ ತಾಯಿ, ಓದಿದ್ದೀವಿ ಅಂದ್ಬಿಟ್ರೆ ಆಯ್ತಾ? ಮನುಷ್ಯ ಮೂವತ್ತೊಂದು ವರ್ಷ ದುಡಿದು ಸೋಮವಾರ ಹೊರಟಿದ್ದಾನೆ. ಅವರ ಕೊನೆ ಕೆಲಸಕ್ಕೇ ಕೆಟ್ಟ ಬೋರ್ಡು ತಂದು ತಗುಲಿಸ್ತೀಯಲ್ಲಾ, ನಿನಗೆ ಬೇರೆ ಗೋಡೆ ಸಿಗಲಿಲ್ವಾ?" ಅಂತ ಎಲ್ಲರ ಮುಂದೆ ಎಗರಾಡಿದೆ. ನನ್ನ ಗಂಟಲು ಪ್ರೆಸ್ಸಿಗಿಂತ ಜೋರು, ಆ ತುದಿವರೆಗೂ ಕೇಳಿಸ್ತು.

"ನನ್ನದೇ ತಪ್ಪು ಸರ್. ಬೋರ್ಡಲ್ಲೇ ಏನೋ ಇದೆ. ಸರಿಮಾಡ್ತೀನಿ" ಅಂದಳು ಸ್ಪೂರ್ತಿ.

"ಸೋಮವಾರದ ತನಕ ಟೈಮು. ಆಗಲಿಲ್ಲ ಅಂದ್ರೆ ಕಿತ್ತು ಹಾಕ್ಸಿ ರೆಡಿಮೇಡ್ ತರಿಸ್ತೀನಿ. ನಿನ್ನ ಪರ್ಮನೆಂಟ್ ವಿಷಯಾನೂ ಆಮೇಲೆ ಯೋಚನೆ ಮಾಡೋಣ" ಅಂದು ಮಾಲೀಕರು ಒಳಗೆ ಹೋದ್ರು.

ಮಧ್ಯಾಹ್ನ ಹುಡುಗಿ ನನ್ನ ಕಿಟಕಿಗೆ ಬಂದಳು. ಕಣ್ಣು ಕೆಂಪಗಿತ್ತು. ನಾನೂ ಮುಖ ಊದಿಸ್ಕೊಂಡೇ ಕೂತಿದ್ದೆ.

"ಹೇಮಕ್ಕ, ನಲವತ್ತೈದು ಮೀಟರ್ ಕೆಂಪು, ನಲವತ್ತೈದು ಕಪ್ಪು ಕೊಡ್ತೀರಾ?"

"ಮೊನ್ನೆ ತಾನೇ ಕೊಟ್ಟಿದ್ದೀನಲ್ಲ. ಅದನ್ನೂ ಬೆಕ್ಕಿನ ಮರಿ ಆಡಿದಂಗೆ ಗೋಜಲು ಮಾಡಿಟ್ಟಿದ್ದೆ. ನಾನೂ ಯಂಕಪ್ಪಣ್ಣನೂ ಎರಡು ದಿನ ಊಟ ಬಿಟ್ಟು ಬಿಡಿಸಿ..."

ಅವಳು ಕಿಟಕಿ ಕಟ್ಟೆ ಹಿಡ್ಕೊಂಡು ನನ್ನನ್ನೇ ನೋಡಿದಳು.

"ಅದು ಗೋಜಲಲ್ಲ ಅಕ್ಕ. ನಾನೇ ಹೊಸೆದಿದ್ದು. ಮೂರು ಸಂಜೆ ಹಿಡೀತು" ಅಂತ ಬೆರಳು ತೋರಿಸಿದಳು. ತುದಿಯಲ್ಲಿ ಬೊಬ್ಬೆ ಒಡೆದು ಒಣಗಿತ್ತು.

"ಯಾಕಮ್ಮಾ ಹೊಸೀಬೇಕು ಅದನ್ನ?" ಅಂದೆ.

"ನೀವು ಬಸಕ್ಕ ಇಬ್ರೂ ಬಸ್ಸಲ್ಲಿ ಒಂದೇ ಸೀಟಲ್ಲಿ ಕೂತಿದ್ದೀರ ಅಂದ್ಕೊಳ್ಳಿ. ಗುಂಡಿ ಬಂದ್ರೆ ಇಬ್ರೂ ಒಟ್ಟಿಗೆ ಎಗರ್ತೀರ. ನಿಮಗಿಂತ ಬಸಕ್ಕ ಎಷ್ಟು ಎತ್ತರ ಅಂತ ನೋಡಿದ್ರೆ ಅದೇನೂ ಬದಲಾಗಿರಲ್ಲ. ಬೋರ್ಡು ನೋಡೋದು ಎರಡು ವೈರಿಗೂ ಇರೋ ಆ ವ್ಯತ್ಯಾಸ ಮಾತ್ರ. ಒಬ್ರು ಮುಂದಿನ ಸೀಟು, ಒಬ್ರು ಕೊನೇ ಸೀಟಲ್ಲಿ ಕೂತ್ರೆ?"

"ಕೊನೇ ಸೀಟಿನವರ ತಲೆ ಸೂರಿಗೆ ಹೊಡೆಯುತ್ತೆ."

"ಅಷ್ಟೇ ಅಕ್ಕ. ಮೋಟರು, ವೆಲ್ಡಿಂಗು ಎಲ್ಲಾ ಆ ಗುಂಡಿ. ವೈರು ಹೊಸೆದಿದ್ರೆ ಎರಡಕ್ಕೂ ಒಂದೇ ಥರ ಏಟು ಬೀಳ್ತಿತ್ತು."

ನಾಲ್ಕು ಬೆರಳು ಅಂತರ. ಪಕ್ಕದಲ್ಲೇ ಮೋಟರಿನ ಕೇಬಲ್ಲು. ನಾನು ತಲೆ ಎತ್ತಿ ಐದು ನಿಮಿಷ ನೋಡಿ ಮೆಚ್ಚಿಕೊಂಡಿದ್ದು ಅದನ್ನೇ.

"ಮತ್ತೆ ಬೆಳಿಗ್ಗೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ? ನಾನು ಅಷ್ಟು ಬೈತಿದ್ರೂ?"

"ಅಂಕಲ್ ನನಗೂ ಹೇಳಿದ್ರು ಅಕ್ಕ, ಒಂದೂ ಕಂಪ್ಲೇಂಟ್ ಇಲ್ಲದೇ ಹೋಗ್ಬೇಕು ಅಂತ. ಯಾಕೆ ಹೊಸೆದಿದ್ದೀನಿ ಅಂತ ನಾನೂ ಹೇಳಿರಲಿಲ್ಲ. ನೀಟಾಗಿ ಎಳೀರಿ ಅಂತಷ್ಟೇ ಹೇಳಿದ್ದು."

ಭೂಮಿ ಬಾಯಿಬಿಟ್ರೆ ಸಾಕು ಅನ್ನಿಸ್ತು ನನಗೆ. ತಪ್ಪಾಯ್ತು ಅನ್ನೋ ಮಾತು ನಾಲಿಗೆ ತುದಿವರೆಗೂ ಬಂತು, ಹೊರಗೆ ಬರಲಿಲ್ಲ. ಅಭ್ಯಾಸ ಇಲ್ಲ ನೋಡಿ. "ಊಟ ಮಾಡಿದ್ಯಾ? ಮಾಡಿಲ್ಲ ತಾನೇ? ಹೋಗು, ಮೊದಲು ತಿಂದು ಬಾ" ಅಂತ ಅದನ್ನೂ ಬೈದ ಹಾಗೇ ಹೇಳಿದೆ.

ಭಾನುವಾರ ಶೆಡ್ ಖಾಲಿ ಇರುತ್ತೆ, ನಾವಿಬ್ಬರೇ ಹೊಸೆದು ಗುಟ್ಟಾಗಿ ಎಳೆದುಬಿಡೋದು ಅಂತ ಮಾತಾಯ್ತು. ಬೆರಳಲ್ಲಿ ಬೇಡ, ಡ್ರಿಲ್ ಮಷಿನ್ನಿಗೆ ತುದಿ ಸಿಕ್ಕಿಸಿ ತಿರುಗಿಸಿದ್ರೆ ಬೇಗ ಆಗುತ್ತೆ ಅಂದಳು ಸ್ಪೂರ್ತಿ. ಡ್ರಿಲ್ ಇರೋದು ಯಂಕಪ್ಪಣ್ಣನ ಹತ್ರ. ಶನಿವಾರ ಹೋಗಿ ಕೇಳಿದೆ.

"ಡ್ರಿಲ್ ಯಾಕವ್ವಾ ನಿನಗ?"

"ಮನೇಲಿ ಕ್ಯಾಲೆಂಡರ್‌ಗೆ ಮೊಳೆ ಹೊಡೀಬೇಕಿತ್ತು."

"ರಾಜಗೋಪಾಲನಗರದ ನಿನ್ನ ಓನರಮ್ಮ ಗ್ವಾಡಿಗೆ ಕೈ ಹಚ್ಚಗೊಡಂಗಿಲ್ಲಂತ ವರ್ಷಾನಗಟ್ಟಲೆ ಬೈಕೋತ ಬಂದಿ."

"ಈಗ ಒಳ್ಳೆಯವರಾಗಿದ್ದಾರೆ."

ಯಂಕಪ್ಪಣ್ಣ ನನ್ನ ಮುಖ ಸ್ವಲ್ಪ ಹೊತ್ತು ನೋಡಿ ಡ್ರಿಲ್ ಕೈಗಿಟ್ರು. ಆ ದಿನ ಒಂದು ತಮಾಷೆಯೂ ಮಾಡಲಿಲ್ಲ.

ಭಾನುವಾರ ಅಂಗಳದಲ್ಲಿ ನಾನು ಒಂದು ತುದಿ ಹಿಡ್ಕೊಂಡು ನಿಂತೆ, ಇನ್ನೊಂದು ತುದಿಯಲ್ಲಿ ಸ್ಪೂರ್ತಿ ಡ್ರಿಲ್ ಒತ್ತಿದಳು. ವೈರು ಹಾವಿನ ಥರ ಎಗರಾಡಿ ನನ್ನ ಕೈಗೇ ಸುತ್ತಿಕೊಂಡಿತು. ಎರಡನೇ ಸಲ ನಡುವೆ ಗಂಟು. ಮೂರನೇ ಸಲ ನಾನು ಡ್ರಿಲ್ಲಿಗೂ ಬೈದೆ. ಅಷ್ಟರಲ್ಲಿ ಗೇಟು ಕಿರ್ರೆಂತು. ಯಂಕಪ್ಪಣ್ಣ.

ಅವರು ನಮ್ಮನ್ನ ನೋಡಿದ್ರು. ನೆಲದ ಮೇಲಿದ್ದ ವೈರು ಕೈಗೆತ್ತಿಕೊಂಡು, ಅರ್ಧ ಹೊಸೆದಿದ್ದನ್ನ ಹೆಬ್ಬೆರಳಲ್ಲಿ ಸವರಿದ್ರು. ಯಾರೂ ಹೇಳಬೇಕಾಗಲಿಲ್ಲ.

"ಇದಕ್ಕ ಹುರಿ ಬೇಕಾಗಿತ್ತು" ಅಂದ್ರು ಮೆಲ್ಲಗೆ. "ನಾ ಹುರಿ ಬಿಚ್ಚಿಬಿಟ್ಟೆ."

"ನಾನು ಹೇಳಬೇಕಿತ್ತು ಅಂಕಲ್" ಅಂದಳು ಸ್ಪೂರ್ತಿ.

ಅವರು ಅಲ್ಲೇ ಕಲ್ಲಿನ ಮೇಲೆ ಕೂತ್ರು. ನಕ್ಕರು, ಆದ್ರೆ ಆ ನಗು ನನಗೆ ನೋಡೋಕಾಗಲಿಲ್ಲ. "ನಮ್ಮಪ್ಪ ಪುಂಡಿನಾರಿನ ಹಗ್ಗ ಹೊಸೀತಿದ್ದ. ಏಳು ವರ್ಷದಾಂವ ಇದ್ದಾಗಿಂದ ಅವನ ಕೂಡ ಹುರಿ ಹಾಕೇನಿ. ಹುರಿ ಯಾವುದು, ಗಂಟು ಯಾವುದು ಅಂತ ಈ ಕಣ್ಣಿಗೆ ಗೊತ್ತಾಗಲಿಲ್ಲಲ್ಲವ್ವಾ! ನೆಟ್ಟಗ ಮಾಡೂ ಚಟ ಹತ್ತಿಬಿಟ್ಟೈತಿ" ಅಂದ್ರು. ಆಮೇಲೆ ಎದ್ದು ಅಂಗಿ ತೋಳು ಮಡಚಿ ಡ್ರಿಲ್ ಇಸ್ಕೊಂಡ್ರು. "ಜಗ್ಗಿ ಹಿಡಿ ಹೇಮವ್ವ. ಬಾಯಿ ಅಲ್ಲ, ವೈರು."

ಅರ್ಧ ಗಂಟೆಯಲ್ಲಿ ನಲವತ್ತು ಮೀಟರ್ ಹುರಿಗೊಂಡಿತು. ಒಂದೊಂದು ಸುತ್ತೂ ಒಂದೇ ಅಳತೆ. ಹೊಸೆಯೋದರಲ್ಲೂ ಅವರಿಗೆ ನೀಟು ಬೇಕು! ಸಂಜೆಯೊಳಗೆ ಹಳೇದು ಕಿತ್ತು, ಮೋಟರ್ ಕೇಬಲ್ಲಿಂದ ದೂರ, ಎದುರು ಗೋಡೆಗೆ ಹೊಸದು ಎಳೆದ್ರು. "ನಾಳೆ ಮಾಲಕರಿಗೆ ನಾ ಹೇಳ್ತೀನಿ" ಅಂದ್ರು ಇಳಿದು ಬಂದು. ಸ್ಪೂರ್ತಿ ಅವರ ಕೈ ಹಿಡ್ಕೊಂಡು "ಬೇಡ ಅಂಕಲ್, ನನ್ನಾಣೆ. ಬೋರ್ಡು ಸರಿಹೋಯ್ತು ಅಂದ್ರೆ ಮುಗೀತು" ಅಂದಳು. ಅವರು ಏಣಿ ಎತ್ತಿ ಒಳಗಿಡೋಕೆ ಹೋದ್ರು. ನಾನು ಮಾತ್ರ ಮುಗೀತಪ್ಪಾ ಅಂತ ಉಸಿರುಬಿಟ್ಟೆ, ನಿಜ ಹೇಳ್ತೀನಿ.

ಸೋಮವಾರ ಬೆಳಿಗ್ಗೆ ಎಲ್ಲಾ ಮಷಿನ್ನೂ ಅಬ್ಬರಿಸ್ತಾ ಇದ್ವು. ಬೋರ್ಡು ಒಂದು, ಎರಡು, ಮೂರು ಅಂತ ಒಳ್ಳೇ ಮಕ್ಕಳ ಥರ ಎಣಿಸ್ತಾ ಹೋಯ್ತು. ಬಸಕ್ಕ ಕೂತಲ್ಲಿಂದ ಏಳಲೇ ಇಲ್ಲ.

ನಾಲ್ಕು ಗಂಟೆಗೆ ಮಷಿನ್ ನಿಲ್ಲಿಸಿ ಬೋರ್ಡಿನ ಕೆಳಗೆ ಎಲ್ಲರೂ ಸೇರಿದ್ವಿ. ಚನ್ನವೀರಪ್ಪನವರು ಯಂಕಪ್ಪಣ್ಣನಿಗೆ ಶಾಲು ಹೊದಿಸಿದ್ರು. "ಮೂವತ್ತೊಂದು ವರ್ಷ, ಒಂದು ಕಂಪ್ಲೇಂಟ್ ಇಲ್ಲ! ಕೊನೇಲಿ ನಮ್ಮ ಹುಡುಗಿ ಬೋರ್ಡು ಸ್ವಲ್ಪ ಮಾನ ಕಳೆಯೋಕೆ ನೋಡ್ತು. ಅದೂ ನೀವು ಹೊರಡೋ ಹೊತ್ತಿಗೆ ಸರಿಹೋಯ್ತು" ಅಂದ್ರು. ಎಲ್ಲರೂ ನಕ್ಕರು. ಸ್ಪೂರ್ತಿಯೂ ನೆಲ ನೋಡ್ತಾ ನಕ್ಕಳು.

ಯಂಕಪ್ಪಣ್ಣ ಶಾಲು ತೆಗೆದು ತೋಳ ಮೇಲೆ ಹಾಕ್ಕೊಂಡ್ರು. "ಒಂದು ಕಂಪ್ಲೇಂಟ್ ಐತ್ರಿ" ಅಂದ್ರು.

ನಗು ನಿಂತಿತು.

"ಬೋರ್ಡಿಗೆ ಏನೂ ಆಗಿದ್ದಿಲ್ರಿ. ಈ ಹುಡುಗಿ ಹೊಸದ ವೈರನ್ನ ನಾ ಗೋಜಲಂತ ತಿಳದು ಬಿಚ್ಚಿಬಿಟ್ಟೆ. ಅದಕ್ಕ ಕೆಟ್ಟಿದ್ದು. ಇಕಿಗೆ ಅವತ್ತ ಗೊತ್ತಾತು. ನನ್ನ ಹೆಸರು ಉಳಸಾಕಂತ ತನ್ನ ಹೆಸರು ಕೆಡಿಸಿಕೊಂಡು ಸುಮ್ಮನ ನಿಂತಳು. ಸಣ್ಣ ಕೂಸಿನ ಹೆಸರು ಕಿತ್ಕೊಂಡು ನಾ ಊರಿಗೆ ಹ್ಯಾಂಗ ಹೋಗ್ಲಿ ಹೇಳ್ರಿ?"

ಸ್ಪೂರ್ತಿ ಕಣ್ಣೊರೆಸ್ಕೊಂಡಳು. ಆಗ ಬಸಕ್ಕ, ಸುಮ್ಮನಿರೋಳಲ್ಲ, "ಅಲ್ರೀ ಯಂಕಪ್ಪಣ್ಣ, ನಲವತ್ತು ಮೀಟರ್ ಒಬ್ಬರ ಹ್ಯಾಂಗ ಬಿಚ್ಚಿದ್ರಿ? ಆ ಕಡೆ ಯಾರೂ ಹಿಡೀಲಿಲ್ಲೇನು?" ಅಂದಳು.

"ಕಿಟಕಿ ಸರಳಿಗೆ ಕಟ್ಟಿದ್ದೆ" ಅಂದ್ರು ಯಂಕಪ್ಪಣ್ಣ. ನನ್ನ ಕಡೆ ತಿರುಗಲೂ ಇಲ್ಲ.

ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯನ ಬಾಯಲ್ಲಿ ಬಂದ ಮೊದಲನೇ ಸುಳ್ಳು ಅದೇ ಇರಬೇಕು, ಅದೂ ನನಗೋಸ್ಕರ. ನನ್ನ ಕಾಲು ತಾನಾಗೇ ಮುಂದೆ ಬಂತು.

"ಸರಳಿಗೆ ಕಟ್ಟಿರಲಿಲ್ಲ. ಇನ್ನೊಂದು ತುದಿ ಹಿಡಿದಿದ್ದು ನಾನು" ಅಂದೆ. "ಬಿಚ್ಚೋಕೆ ಹಿಡ್ಕೊಂಡಿದ್ದೂ ನಾನೇ, ಎಲ್ಲರ ಮುಂದೆ ಆ ಹುಡುಗೀನ ಬೈದಿದ್ದೂ ನಾನೇ. ಶುಕ್ರವಾರದಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೀನಿ. ಸ್ಪೂರ್ತಿ, ತಪ್ಪಾಯ್ತು ಕಣಮ್ಮ."

ಆ ಶೆಡ್ಡಲ್ಲಿ ನನ್ನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಪ್ರೆಸ್ಸಿನವರು ಹತ್ರ ಬಂದು ನೋಡಿದ್ರು ಕಣ್ರೀ, ನಿಜವಾಗ್ಲೂ ನಾನೇನಾ ಅಂತ. ಸ್ಪೂರ್ತಿ ಬಂದು ತಬ್ಬಿಕೊಂಡಳು. ಚನ್ನವೀರಪ್ಪನವರು ಹಣೆ ಒರೆಸ್ಕೊಂಡು "ಇಬ್ಬರು ಹಳಬರು ಸೇರಿ ನನ್ನ ಎಂಜಿನಿಯರ್‌ನ ಓಡಿಸ್ತಿದ್ರಲ್ಲಯ್ಯಾ! ಪರ್ಮನೆಂಟ್ ಲೆಟರ್ ನಾಳೆನೇ ಟೈಪ್ ಮಾಡಿಸ್ತೀನಿ" ಅಂದ್ರು.

ಐದು ಗಂಟೆಗೆ ಯಂಕಪ್ಪಣ್ಣ ಡ್ರಿಲ್ಲು, ಟೆಸ್ಟರು, ಇಕ್ಕಳ ಎಲ್ಲಾ ತಂದು ನನ್ನ ಕಿಟಕಿಯಲ್ಲಿ ಸಾಲಾಗಿ ಜೋಡಿಸಿಟ್ರು, ಒಂದಕ್ಕೊಂದು ನಾಲ್ಕು ಬೆರಳು ಅಂತರ. ನಾನು ಒಂದೊಂದೇ ಎಣಿಸಿ ಒಳಗಿಟ್ಟೆ. ಮುಖ ನೋಡೋಕೆ ಧೈರ್ಯ ಬರಲಿಲ್ಲ.

"ಒಂದು ಕಂಪ್ಲೇಂಟ್ ಆಯ್ತಲ್ಲ ಯಂಕಪ್ಪಣ್ಣ, ಕೊನೇ ದಿನ" ಅಂದೆ.

"ಒಂದಲ್ಲವ್ವಾ, ಅರ್ಧ" ಅಂದ್ರು ಚೀಲ ಹೆಗಲಿಗೇರಿಸ್ತಾ. "ಇನ್ನರ್ಧ ನೀ ಹಿಡಕೊಂಡಿದ್ದಿ."